ಮಂಜೊಟ್ಟಿಯ ಮೊಣಕೈ

ನನ್ನ ಗಂಡನ ಮೊಣಕೈ ಎಷ್ಟೋ ಸಲ ಪತ್ರಿಕೆಯಲ್ಲಿ ಬಂದಿದೆ. ಮುಖ ಒಮ್ಮೆಯೂ ಬಂದಿಲ್ಲ. ಕಂಬಳದ ಮರುದಿನ ಬೆಳಿಗ್ಗೆ ನಮ್ಮ ಮನೆಯಲ್ಲಿ ಪತ್ರಿಕೆಗೆ ಎಲ್ಲಿಲ್ಲದ ಬೇಡಿಕೆ. ಪುಟದ ನಡುವೆ ಕೆಸರುನೀರು ಚಿಮ್ಮಿಸುತ್ತ ಓಡುವ ಕೋಣಗಳು, ಹಿಂದೆ ನೆಲ ಮುಟ್ಟದ ಕಾಲುಗಳ ಓಟಗಾರ, ಕೆಳಗೆ ಕೋಣಗಳ ಯಜಮಾನರ ಹೆಸರು, ಓಡಿಸಿದವನ ಹೆಸರು, ಕೆಲವೊಮ್ಮೆ ಕೋಣಗಳ ಹೆಸರು ಕೂಡ. ನಾನು ಇದು ಯಾವುದನ್ನೂ ಓದುವುದಿಲ್ಲ. ಕನ್ನಡಕ ಏರಿಸಿ ನೇರವಾಗಿ ಚಿತ್ರದ ಬಲ ಅಂಚಿಗೆ ಹೋಗುತ್ತೇನೆ. ಅಲ್ಲಿ ಕೆಸರು ಮೆತ್ತಿದ ಒಂದು ಮೊಣಕೈ ಕಂಡಿತೋ, “ಬಂದಿದೆ, ಬಂದಿದೆ!” ಎಂದು ಕೂಗುತ್ತ ಪಕ್ಕದ ಮನೆಗೂ ಹೋಗಿ ತೋರಿಸಿ ಬರುತ್ತೇನೆ. ಹೆಮ್ಮೆ ಪಡುವ ವಿಷಯದಲ್ಲಿ ನನಗೆ ನಾಚಿಕೆ ಸ್ವಲ್ಪ ಕಡಿಮೆ.

ಕಂಬಳ ನೋಡದವರಿಗೆ ಈ ಮೊಣಕೈಯ ಬೆಲೆ ತಿಳಿಯಲಿಕ್ಕಿಲ್ಲ. ನೀರು ತುಂಬಿದ ಉದ್ದನೆಯ ಓಟದ ಗದ್ದೆಯಲ್ಲಿ, ಅಂದರೆ ಕರೆಯಲ್ಲಿ, ಕೋಣಗಳ ಜೋಡಿ ಓಟ ಶುರುಮಾಡುವ ತುದಿಗೆ ಗಂತು ಎನ್ನುತ್ತೇವೆ, ಮುಗಿಸುವ ತುದಿಗೆ ಮಂಜೊಟ್ಟಿ. ಗಂತಿನಲ್ಲಿ ಬೊಬ್ಬೆ, ವಾದ್ಯ, ಗದ್ದಲ. ನಡುವೆ ಶಿಳ್ಳೆ, ಕ್ಯಾಮರಾ. ಮಂಜೊಟ್ಟಿಯಲ್ಲಿ ಮಾತ್ರ ನೆಲ ಮೆಲ್ಲಮೆಲ್ಲನೆ ಏರುತ್ತದೆ. ಓಡಿ ಬಂದ ಕೋಣಕ್ಕೆ ಓಟ ಮುಗಿಯಿತೆಂದು ಯಾರು ಹೇಳಬೇಕು? ಅದಕ್ಕೆ ಗೆದ್ದದ್ದೂ ಗೊತ್ತಿಲ್ಲ, ಸೋತದ್ದೂ ಗೊತ್ತಿಲ್ಲ; ಓಡುವುದೊಂದೇ ಗೊತ್ತು. ಆ ಏರು ಅದರ ವೇಗವನ್ನು ಅರ್ಧಕ್ಕೆ ಇಳಿಸುತ್ತದೆ. ಉಳಿದರ್ಧವನ್ನು ಅಲ್ಲಿ ಕಾದು ನಿಂತ ನಾಲ್ಕಾರು ಗಂಡಸರು ಹಗ್ಗಕ್ಕೆ ಕೈಹಾಕಿ ಇಳಿಸುತ್ತಾರೆ. ಇವರು, ಅಂದರೆ ನನ್ನ ಯಜಮಾನರು, ಆ ನಾಲ್ಕಾರು ಗಂಡಸರಲ್ಲಿ ಒಬ್ಬರು. ಸಿದ್ದಕಟ್ಟೆಯಲ್ಲಿ ಪಂಪ್‌ಸೆಟ್ಟಿನ ಅಂಗಡಿ ಇಟ್ಟುಕೊಂಡಿರುವ ಮನುಷ್ಯ, ಕಂಬಳದ ದಿನಗಳು ಬಂದವೆಂದರೆ ಗೆಳೆಯರ ಕೋಣಗಳ ಜೊತೆ ಹೊರಟುಬಿಡುತ್ತಾರೆ. ಪದಕ ಓಡಿಸಿದವನಿಗೆ, ಹಾರ ಕೋಣದ ಯಜಮಾನರಿಗೆ, ಇವರಿಗೆ ಮೈತುಂಬ ಕೆಸರು. ಆ ಬನಿಯನು ತೊಳೆಯುವವಳು ನಾನಾದ್ದರಿಂದ ಅದರ ಬಗ್ಗೆ ಹೆಮ್ಮೆ ಪಡುವ ಹಕ್ಕೂ ನನಗೇ ಉಂಟು.

ನಾನು ಮೂಡಬಿದಿರೆಯ ಒಂದು ಕಾಲೇಜಿನಲ್ಲಿ ವಾಣಿಜ್ಯಶಾಸ್ತ್ರ ಕಲಿಸುತ್ತೇನೆ. ಕೇಂದ್ರ ಬ್ಯಾಂಕಿನ ಪಾಠ ಬಂದಾಗ ಪುಸ್ತಕ ಮುಚ್ಚಿ ಮಂಜೊಟ್ಟಿಗೆ ಹೋಗಿಬಿಡುವುದು ನನ್ನ ಹಳೆಯ ಅಭ್ಯಾಸ. ಮಕ್ಕಳೇ, ನೋಟಿನ ಮೇಲೆ ಸಹಿ ಹಾಕುವ ಗವರ್ನರರ ಕೆಲಸ ಏನು? ಷೇರುಪೇಟೆಯ ಕಾವಲಿಗೆ ಬೇರೆಯವರಿದ್ದಾರೆ. ಗವರ್ನರರ ಕೈಯಲ್ಲಿರುವುದು ಹಣದ ಬೆಲೆ, ಅಂದರೆ ಬಡ್ಡಿ. ಹಣ ಅಗ್ಗವಾದಾಗ ಜನ ಸಾಲ ತಂದಾದರೂ ಓಡುತ್ತಾರೆ. ಬಡ್ಡಿ ಏರಿಸಿದರೆ ಓಟ ತನ್ನಿಂದ ತಾನೇ ಭಾರವಾಗುತ್ತದೆ. ಅದೇ ಮಂಜೊಟ್ಟಿಯ ಏರು. ಇಷ್ಟು ಹೇಳಿ, “ಆ ಏರಿನ ಮೇಲೆ ನಿಂತು ಹಗ್ಗ ಹಿಡಿಯುವವರ ಪೈಕಿ ಒಬ್ಬರು ನನ್ನ ಯಜಮಾನರು” ಎಂದು ಸೇರಿಸದೆ ನನ್ನ ಪಾಠ ಮುಗಿಯುವುದಿಲ್ಲ. ಪರೀಕ್ಷೆಯಲ್ಲಿ ಒಬ್ಬಳು ‘ಕೇಂದ್ರ ಬ್ಯಾಂಕಿನ ಕಾರ್ಯಗಳನ್ನು ವಿವರಿಸಿ’ ಎಂಬ ಪ್ರಶ್ನೆಗೆ ಕೋಣದ ಚಿತ್ರ ಬರೆದಿದ್ದಳು. ನಾನು ಪೂರ್ತಿ ಅಂಕ ಕೊಟ್ಟೆ. ಚಿತ್ರದ ಅಂಚಿನಲ್ಲಿ ಮೊಣಕೈ ಇತ್ತಲ್ಲ!

ಜನ ಹೀಗೆ ಹುಚ್ಚೆದ್ದು ಓಡಿದ ಕತೆಗಳು ಎಲ್ಲ ಕಾಲದಲ್ಲೂ ಇವೆ. ಹಾಲೆಂಡಿನವರು ಹಿಂದೊಮ್ಮೆ ಟ್ಯುಲಿಪ್ ಹೂವಿನ ಗೆಡ್ಡೆಗೆ ಮನೆಯ ಬೆಲೆ ಕೊಟ್ಟರು. ಇಂಗ್ಲೆಂಡಿನಲ್ಲಿ ಒಂದು ಕಂಪನಿಯ ಷೇರಿಗೆ ಊರಿಗೆ ಊರೇ ಮುಗಿಬಿದ್ದಾಗ, ಸೇಬು ಬೀಳುವುದನ್ನು ನೋಡಿ ಗ್ರಹಗಳ ಲೆಕ್ಕ ಹಾಕಿದ ಮಹಾನುಭಾವರೂ ಅದರಲ್ಲಿ ಕೈಸುಟ್ಟುಕೊಂಡರಂತೆ. ಮೇಲಿನದು ಕೆಳಗೆ ಬೀಳುತ್ತದೆಂದು ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು ಹೇಳಿ! ಇನ್ನು ನಮ್ಮೂರಿನವರನ್ನು ಕಡಿಮೆ ಎಂದು ತಿಳಿಯಬೇಡಿ. ನಮಗೆ ಬಂಗಾರದ ಬೆಲೆಯ ವೆನಿಲ್ಲಾ ಇತ್ತು. ಬೆಳ್ತಂಗಡಿಯ ನನ್ನ ದೊಡ್ಡಮ್ಮ ಬೆಳಗಾಗೆದ್ದು ಹೂವಿನಿಂದ ಹೂವಿಗೆ ಕಡ್ಡಿ ಹಿಡಿದು ಪರಾಗ ಮುಟ್ಟಿಸುತ್ತಿದ್ದರು. ಬಳ್ಳಿಯ ತುಂಡಿಗೆ ಕಳ್ಳರ ಭಯ, ಅದಕ್ಕೊಂದು ನಾಯಿ, ನಾಯಿಗೆ ದಿನಾ ಮೀನು. ಬೆಲೆ ಬಿದ್ದ ಮೇಲೆ ನಾಯಿಯೊಂದೇ ಉಳಿಯಿತು. ಮಾರದೆ ಉಳಿದ ವೆನಿಲ್ಲಾ ಕೋಡುಗಳನ್ನು ದೊಡ್ಡಮ್ಮ ಎಸೆಯಲಿಲ್ಲ. ಆಮೇಲೆ ಎಷ್ಟೋ ಕಾಲ ಅವರ ಮನೆಯ ಶಿರಾಕ್ಕೂ ಐಸ್‌ಕ್ರೀಮಿನ ಪರಿಮಳ ಇತ್ತು. ಹಾಲೆಂಡಿನವರಿಗೆ ಟ್ಯುಲಿಪ್ ಹಾಕಿ ಶಿರಾ ಮಾಡಲು ಗೊತ್ತಿತ್ತೇ?

ಇಷ್ಟೆಲ್ಲ ತಿಳಿದವಳ ಸ್ವಂತ ತಮ್ಮನೇ ಒಂದು ದಿನ ಹಗ್ಗ ಹರಿದುಕೊಂಡು ಓಡತೊಡಗಿದ.

ತಮ್ಮ ಪ್ರಭಾಕರನಿಗೆ ಮೆಲ್ಕಾರಿನಲ್ಲಿ ಮೊಬೈಲಿನ ಅಂಗಡಿ. ಹರೆಯವನ್ನೆಲ್ಲ ಗಲ್ಫಿನ ಸೆಖೆಯಲ್ಲಿ ಕಳೆದು, ಊರಿನ ಮದುವೆಗಳನ್ನು ಕ್ಯಾಸೆಟ್ಟಿನಲ್ಲಿ ನೋಡಿ, ಆ ದುಡಿಮೆಯಲ್ಲಿ ಕೊಂಡ ಒಂದೇ ಒಂದು ಆಸ್ತಿ ಅದು. ಕೊಳ್ಳುವಾಗ ಅವನು ಗಲ್ಫಿನಲ್ಲೇ ಇದ್ದ, ನೋಂದಣಿಗೆ ಓಡಾಡಿದವಳು ನಾನು. ಹಾಗಾಗಿ ಅಂಗಡಿ ನಮ್ಮಿಬ್ಬರ ಹೆಸರಿನಲ್ಲಿತ್ತು. ಅದು ಬರಿಯ ಹೆಸರು; ಅಂಗಡಿ ಅವನದೇ. ಅವನು, ಹೆಂಡತಿ ವನಿತಾ, ಓದುವ ಇಬ್ಬರು ಮಕ್ಕಳು ಉಣ್ಣುವುದು ಅದರಿಂದಲೇ.

ಷೇರಿನ ಗಾಳಿ ಮೆಲ್ಕಾರಿಗೆ ಬೀಸಿದ್ದು ಮೊಬೈಲಿನ ಮೂಲಕವಾದ್ದರಿಂದ, ಮೊಬೈಲಿನ ಅಂಗಡಿಯವನಿಗೆ ಮೊದಲು ತಾಗಿತು. ಮೊದಮೊದಲು ಸ್ವಲ್ಪ ಹಾಕಿದ, ಏರಿತು. ಮತ್ತೆ ಹಾಕಿದ, ಮತ್ತೂ ಏರಿತು. ಪಕ್ಕದ ಚಪ್ಪಲಿ ಅಂಗಡಿಯ ಹಮೀದಾಕ ಕೂಡ ಡಿಮ್ಯಾಟ್ ಖಾತೆ ತೆರೆದು, ಗಿರಾಕಿಯ ಒಂದು ಕಾಲಿಗೆ ಚಪ್ಪಲಿ ಹಾಕಿಸಿ ಇನ್ನೊಂದು ಕಾಲನ್ನು ಮರೆಯುವಷ್ಟು ತನ್ಮಯರಾದರು. ಇದೆಲ್ಲ ನಗುವ ವಿಷಯವೇ ಆಗಿತ್ತು, ನಮ್ಮ ಕುಟುಂಬದ ವಾಟ್ಸಾಪ್ ಗುಂಪು ಇರದಿದ್ದರೆ. ಪ್ರಭಾಕರ ಪ್ರತಿ ಸಂಜೆ ತನ್ನ ಲಾಭದ ಚಿತ್ರವನ್ನು ಅದರಲ್ಲಿ ಹಾಕುತ್ತಿದ್ದ. ಉಜಿರೆಯ ನಮ್ಮ ಚಿಕ್ಕಪ್ಪನ ಮಗ ಅದಕ್ಕಿಂತ ದೊಡ್ಡ ಲಾಭದ ಚಿತ್ರ ಹಾಕುತ್ತಿದ್ದ. ಅಲ್ಲಿಗೆ ಅದು ವ್ಯಾಪಾರ ಹೋಗಿ ಅಕ್ಕಪಕ್ಕದ ಜೋಡುಕರೆಯ ಓಟವಾಯಿತು. ಇವತ್ತು ಇಷ್ಟು ತೋರಿಸಿದವನು ನಾಳೆ ಕಡಿಮೆ ತೋರಿಸಿದರೆ ಮರ್ಯಾದೆ ಏನಾಗಬೇಕು? ಮಾರಿ ಹಣ ತೆಗೆದರಂತೂ ಹೆದರಿ ಹಿಂದೆ ಸರಿದ ಹಾಗೆ. ಕೋಣ ಕರೆಗೆ ಇಳಿದ ಮೇಲೆ ಹಿಂದಕ್ಕೆ ಕರೆದುಕೊಂಡು ಹೋಗುವವರು ನಮ್ಮಲ್ಲಿ ಯಾರಿದ್ದಾರೆ? ಪೇಟೆ ಬೀಳುತ್ತದೆಂಬ ಭಯಕ್ಕಿಂತ ಚಿಕ್ಕಪ್ಪನ ಮಗ ನಗುತ್ತಾನೆಂಬ ಭಯವೇ ಅವನಿಗೆ ದೊಡ್ಡದಾಗಿತ್ತು.

ಒಂದು ಭಾನುವಾರ ಮನೆಗೆ ಬಂದವನು ಚಾ ಕುಡಿದು, ಲೋಟ ಕೆಳಗಿಟ್ಟು, “ಅಕ್ಕ, ನಿನ್ನ ಒಂದು ಸಹಿ ಬೇಕಿತ್ತು” ಎಂದ.

ಅಂಗಡಿಯನ್ನು ಅಡವಿಟ್ಟು ಬ್ಯಾಂಕಿನಿಂದ ಸಾಲ. ಆ ಸಾಲ ಪೂರ್ತಿ ಷೇರಿಗೆ.

ನನಗೆ ಎದೆ ಧಸಕ್ಕೆಂದಿತು. ಆದರೆ ವಾಣಿಜ್ಯಶಾಸ್ತ್ರದವರಿಗೆ ಎದೆ ಧಸಕ್ಕೆಂದರೂ ಬಾಯಿ ನಿಲ್ಲುವುದಿಲ್ಲ. ಟ್ಯುಲಿಪ್ಪಿನಿಂದ ಶುರುಮಾಡಿದೆ. ಸೇಬಿನ ವಿಜ್ಞಾನಿಯನ್ನು ಕರೆತಂದೆ. ಬೇರೆ ಬೇರೆ ದೇಶಗಳ ಕೇಂದ್ರ ಬ್ಯಾಂಕುಗಳು ಹಣವನ್ನು ಅಗ್ಗ ಮಾಡಿ ತಾವೇ ಗಂತಿನಲ್ಲಿ ನಿಂತು ಬೊಬ್ಬೆ ಹೊಡೆದದ್ದು, ಆಮೇಲೆ ಗಾಬರಿಯಾಗಿ ಮಂಜೊಟ್ಟಿಗೆ ಓಡಿದ್ದು, ಎಲ್ಲವನ್ನೂ ಹೇಳಿದೆ. ಅವನು ತಾಳ್ಮೆಯಿಂದ ಕೇಳಿದ.

“ಅಕ್ಕ, ಅದು ಹಾಲೆಂಡಿನವರ ಕತೆ. ಇದು ಮೆಲ್ಕಾರ್.”

“ಹಾಗಾದ್ರೆ ನಮ್ಮ ದೊಡ್ಡಮ್ಮನ ವೆನಿಲ್ಲಾ ನೆನಪುಂಟಾ?”

“ವೆನಿಲ್ಲಾವನ್ನು ಕಳ್ಳರು ಕೊಯ್ತಿದ್ರು ಮಾರಾಯ್ತಿ. ಇದನ್ನು ಯಾರು ಕೊಯ್ತಾರೆ? ಮೊಬೈಲಿನ ಒಳಗೆ ಉಂಟಲ್ಲ!”

ನಾನು ಸಹಿ ಹಾಕುವುದಿಲ್ಲ ಎಂದೆ. ಅವನ ಮುಖ ಕೆಂಪಾಯಿತು. “ಆಯ್ತು, ನಿನ್ನ ಸಹಿ ಬೇಡ. ವನಿತಾಳ ಚಿನ್ನ ಉಂಟು. ಸಾಕಾಗದಿದ್ರೆ ಹೊರಗೆ ಬಡ್ಡಿಗೆ ಕೊಡುವವರೂ ಇದ್ದಾರೆ. ಈ ಅಕ್ಕನಿಗೆ ನನ್ನ ಮೇಲೆ ನಂಬಿಕೆ ಇಲ್ಲ ಅಂತ ಗೊತ್ತಾಯ್ತಲ್ಲ, ಅಷ್ಟು ಸಾಕು.” ಹಾಗೆಂದವನು ಬೈಕು ಹತ್ತಿ ಹೋದ. ಅವತ್ತಿನಿಂದ ಮಾತು ನಿಂತಿತು. ನನ್ನ ತಮ್ಮ ನನ್ನ ಹತ್ತಿರ ಮಾತು ಬಿಟ್ಟದ್ದು ಅದೇ ಮೊದಲು. ಅಂಗಡಿ ಹೋಗುತ್ತದೆಂಬ ಸಂಕಟ ಒಂದು ಕಡೆ; ಅದನ್ನು ಉಳಿಸಲು ಹೋಗಿ ತಮ್ಮನನ್ನೇ ಕಳೆದುಕೊಂಡೆನಲ್ಲ ಎಂಬುದು ಇನ್ನೊಂದು ಕಡೆ.

ಅದೇ ವಾರ ಮೂಡಬಿದಿರೆಯ ಕಂಬಳ. ಮನಸ್ಸಿಲ್ಲದಿದ್ದರೂ ಹೋದೆ, ಇವರ ಮೊಣಕೈಯನ್ನು ಪ್ರತ್ಯಕ್ಷ ನೋಡುವ ಅವಕಾಶವನ್ನು ನಾನು ಬಿಡುವವಳಲ್ಲ. ಬೆಳಗಿನ ಬಿಸಿಲಿನಲ್ಲಿ ಮಂಜೊಟ್ಟಿಯ ಬದಿಯಲ್ಲಿ ನಿಂತಿದ್ದೆ. ಒಂದು ಜೋಡಿ ಬಂತು ನೋಡಿ, ಯಮವೇಗ! ಹೊಸಬನೊಬ್ಬ ಧೈರ್ಯ ತೋರಿಸಲು ಹೋಗಿ ಎರಡೂ ಕೈ ಅಗಲಿಸಿ ಅವುಗಳ ಎದುರಿಗೇ ನಿಂತ. ಕೋಣಗಳು ನಿಲ್ಲಲಿಲ್ಲ, ಬೆದರಿ ಬದಿಗೆ ತಿರುಗಿ, ಜನ ನಿಂತಿದ್ದ ಕಡೆಗೇ ನುಗ್ಗಿದವು. ಆಗ ಇವರು ಓಡಿದರು. ಕೋಣಗಳ ಎದುರಿಗಲ್ಲ, ಅವುಗಳ ಪಕ್ಕದಲ್ಲಿ, ಅವು ಓಡುವ ದಿಕ್ಕಿಗೇ. ಈ ವಯಸ್ಸಿನಲ್ಲಿ, ಆ ಹೊಟ್ಟೆ ಇಟ್ಟುಕೊಂಡು! ಸ್ವಲ್ಪ ದೂರ ಜೊತೆಗೇ ಓಡಿ, ಓಡುತ್ತಲೇ ಹಗ್ಗಕ್ಕೆ ಕೈಹಾಕಿ, ಅವುಗಳ ತಲೆಯನ್ನು ಮೆಲ್ಲಗೆ ಏರಿನ ಕಡೆಗೆ ತಿರುಗಿಸಿದರು. ಕೋಣಗಳು ಏರು ಹತ್ತಿ, ಉಸಿರು ಬಿಟ್ಟು, ಏನೂ ಆಗದವರ ಹಾಗೆ ನಿಂತವು. ನಾನು ಚಪ್ಪಾಳೆ ತಟ್ಟಿದೆ. ಅಲ್ಲಿ ಚಪ್ಪಾಳೆ ತಟ್ಟಿದವಳು ನಾನೊಬ್ಬಳೇ.

ಆಮೇಲೆ ಇವರು ಕಾಲು ತೊಳೆಯುತ್ತ ಆ ಹೊಸಬನಿಗೆ ಹೇಳುತ್ತಿದ್ದರು: “ಎದುರು ನಿಂತ್ರೆ ಅದಕ್ಕೆ ಓಟ ಮತ್ತೂ ಜೋರು ಮಾರಾಯ. ಜೊತೆಗೆ ಓಡ್ಬೇಕು. ಕಡೆಗೆ ತಾನೇ ನಿಂತದ್ದು ಅಂತ ಕೋಣಕ್ಕೆ ಕಾಣ್ಬೇಕು.”

ಈ ಮಾತನ್ನು ನಾನು ಎಷ್ಟು ವರ್ಷಗಳಿಂದ ಕೇಳಿಲ್ಲ, ತರಗತಿಯಲ್ಲಿ ಎಷ್ಟು ಸಲ ಹೇಳಿಲ್ಲ! ಆದರೆ ಅವತ್ತು ಅದು ನೇರವಾಗಿ ಮೆಲ್ಕಾರಿಗೆ ಹೋಗಿ ತಾಗಿತು. ಎಷ್ಟಾದರೂ ನನ್ನ ಕೈಯಲ್ಲೂ ಒಂದು ಸಹಿ ಇತ್ತಲ್ಲ. ದೇಶದ ನೋಟಿಗೆ ಗವರ್ನರರ ಸಹಿ, ಮೆಲ್ಕಾರಿನ ಒಂದು ಅಂಗಡಿಗೆ ನನ್ನ ಸಹಿ. ಅಧಿಕಾರದ ವ್ಯಾಪ್ತಿ ಚಿಕ್ಕದಿರಬಹುದು, ಗತ್ತಿಗೇನು ಕಡಿಮೆ?

ಮರುದಿನ ಕಾಲೇಜು ಬಿಟ್ಟ ಮೇಲೆ ಮನೆಯ ಹತ್ತಿರ ಬಸ್ಸಿನಿಂದ ಇಳಿಯದೆ ಬಂಟ್ವಾಳ ದಾಟಿ ಮೆಲ್ಕಾರಿಗೆ ಹೋದೆ. ಅಂಗಡಿಯ ಸ್ಟೂಲಿನಲ್ಲಿ ಕುಳಿತು, “ಸಹಿ ಹಾಕ್ತೇನೆ. ಆದ್ರೆ ನನಗೂ ಷೇರು ಕಲಿಸು” ಎಂದೆ. ಅವನು ನಂಬಲಿಲ್ಲ. ನಾನು ಮೊಬೈಲು ಮುಂದಿಟ್ಟೆ. ಅವನೇ ನನ್ನ ಹೆಸರಿನಲ್ಲಿ ಖಾತೆ ತೆರೆದುಕೊಟ್ಟ. ಎರಡೋ ಮೂರೋ ಷೇರು ಕೊಂಡೆ. ಏರಿದಾಗ ನಾನೂ “ಅಯ್ಯಬ್ಬ!” ಎಂದು ಕುಣಿದೆ. ಸುಳ್ಳು ಹೇಳುವುದಿಲ್ಲ, ಆ ಕುಣಿತ ನಾಟಕವಾಗಿರಲಿಲ್ಲ. ಮೊಬೈಲಿನಲ್ಲಿ ಹಸಿರು ಅಂಕಿ ಕಂಡರೆ ಮನುಷ್ಯನಿಗೆ ತನ್ನ ಬುದ್ಧಿಯ ಮೇಲೆ ಎಂಥ ಅಭಿಮಾನ ಹುಟ್ಟುತ್ತದೆಂದು ನನಗೆ ಆಗ ಗೊತ್ತಾಯಿತು. ಒಂದು ವಾರ ನಾನು ಪಾಠದ ನಡುವೆಯೂ ಮೊಬೈಲು ಇಣುಕುತ್ತಿದ್ದೆ. ಜೊತೆಗೆ ಓಡುವುದು ಎಂದರೆ ನಮ್ಮ ಕಾಲೂ ನೆಲ ಬಿಡುವ ಅಪಾಯ ಇದ್ದೇ ಇದೆ.

ತಮ್ಮನಿಗೆ ಅಕ್ಕ ಸಿಕ್ಕಿದಳು, ಮಾತು ಮರಳಿತು. ಆಗ ನಾನು ಹಗ್ಗಕ್ಕೆ ಕೈಹಾಕಿದೆ.

“ಪ್ರಭಾಕರ, ಈ ಲಾಭದ ಚಿತ್ರವನ್ನು ಗುಂಪಿಗೆ ಯಾಕೆ ಹಾಕ್ತೀಯ? ಎಲ್ಲರ ಕಣ್ಣು ಒಂದೇ ಹಾಗಿರ್ತದಾ? ದೃಷ್ಟಿ ಬೀಳ್ತದೆ ಮಾರಾಯ.”

ಟ್ಯುಲಿಪ್ಪಿಗೆ ಬಗ್ಗದವನು ದೃಷ್ಟಿಗೆ ತಟ್ಟನೆ ಬಗ್ಗಿದ. ಅವತ್ತು ಸಂಜೆಯಿಂದಲೇ ಚಿತ್ರ ನಿಂತಿತು. ಸ್ನಾತಕೋತ್ತರ ಪದವಿ ಪಡೆದು ಇಷ್ಟು ವರ್ಷ ಹಣಕಾಸು ನೀತಿ ಕಲಿಸಿದವಳು ಕಡೆಗೆ ಕೆಟ್ಟ ಕಣ್ಣಿನ ಮೊರೆಹೊಕ್ಕಳೆಂದು ನೀವು ನಗಬಹುದು, ನಗಿ. ಗವರ್ನರರೂ ಎಷ್ಟೋ ಸಲ ಬಡ್ಡಿಯನ್ನು ಮುಟ್ಟದೆ ಬರಿಯ ಮಾತಿನಲ್ಲೇ ಪೇಟೆಯನ್ನು ತಣ್ಣಗೆ ಮಾಡುವುದುಂಟು. ಅವರು ಯಾವ ಮಾತಾಡುತ್ತಾರೋ ನನಗೆ ಗೊತ್ತಿಲ್ಲ, ಮೆಲ್ಕಾರಿನಲ್ಲಿ ನಡೆಯುವುದು ಈ ಮಾತು. ನೋಡುವವರಿಲ್ಲ ಎಂದಾದ ಮೇಲೆ ಚಿಕ್ಕಪ್ಪನ ಮಗನ ಜೊತೆಗಿನ ಓಟಕ್ಕೆ ಅರ್ಥ ಉಳಿಯಲಿಲ್ಲ. ಮಾರಿದರೂ ಯಾರಿಗೂ ಗೊತ್ತಾಗುವಂತಿರಲಿಲ್ಲ.

ಇನ್ನು ತಲೆ ತಿರುಗಿಸುವುದು ಬಾಕಿ. “ಸಾಲ ಕೊಡುವ ಮೊದಲು ಬ್ಯಾಂಕಿನವರು ಅಂಗಡಿ ನೋಡ್ಲಿಕ್ಕೆ ಬರ್ತಾರೆ. ಈ ಹಳೆಯ ಶೋಕೇಸು, ಈ ಮಿಣಮಿಣ ಲೈಟು ನೋಡಿದ್ರೆ ಎಂತ ಹೇಳ್ಲಿಕ್ಕಿಲ್ಲ? ಲಾಭದಲ್ಲಿ ಸ್ವಲ್ಪ ತೆಗೆದು ಮೊದಲು ಅಂಗಡಿ ಚೆಂದ ಮಾಡುವ. ಮತ್ತೆ ನಾವಿಬ್ರೂ ಬ್ಯಾಂಕಿಗೆ ಹೋಗುವ” ಎಂದೆ.

ಅದು ಅವನಿಗೆ ಹಿಡಿಸಿತು. ಸ್ವಲ್ಪ ಮಾರಿ ಗಾಜಿನ ಶೋಕೇಸು ಹಾಕಿಸಿದ. ಶೋಕೇಸು ಹೊಸದಾದಾಗ ನೆಲ ಹಳೆಯದಾಗಿ ಕಂಡಿತು. ಮತ್ತೆ ಸ್ವಲ್ಪ ಮಾರಿದ. ನೆಲವಾದ ಮೇಲೆ ಚಾವಣಿ, ಚಾವಣಿಯ ಕೆಳಗೆ ಫ್ಯಾನು, ಹೊರಗೆ ಬೋರ್ಡು. ವನಿತಾ ಬಣ್ಣ ಆರಿಸಿದಳು. ಮಾಣಿ ಊರಿನಿಂದ ಬಂದ ಬಡಗಿಯವರ ಜೊತೆ ಚರ್ಚೆ ಮಾಡುತ್ತ ಪ್ರಭಾಕರನಿಗೆ ಮೊಬೈಲು ನೋಡಲು ಪುರಸೊತ್ತು ಸಿಗಲಿಲ್ಲ. ಅರ್ಧ ಕೆಲಸ ಆಗುವಾಗಲೇ ಗಿರಾಕಿಗಳು ಜಾಸ್ತಿಯಾದರು. ಸಾಲದ ಅರ್ಜಿ ಮೇಜಿನ ಡ್ರಾವರಿನಲ್ಲಿ, ಸಹಿಯ ಪೆನ್ನು ನನ್ನ ಬ್ಯಾಗಿನಲ್ಲಿ. ನಾನಾಗಿ ಬೇಡ ಎನ್ನಲಿಲ್ಲ, ಅವನಾಗಿ ಕೇಳಲಿಲ್ಲ.

ಮಳೆ ಹಿಡಿಯುವ ಹೊತ್ತಿಗೆ ಪೇಟೆ ಬಿತ್ತು. ಮೆಲ್ಲಗಲ್ಲ, ದಡಬಡ ಬಿತ್ತು. ಟೀವಿಯಲ್ಲಿ ಎಲ್ಲರೂ ಕೇಂದ್ರ ಬ್ಯಾಂಕುಗಳನ್ನು ಬೈದರು. ಬಡ್ಡಿ ಏರಿಸಿದ್ದು ತಪ್ಪೆಂದು ಕೆಲವರು, ಮೊದಲೇ ಏರಿಸದಿದ್ದದ್ದು ತಪ್ಪೆಂದು ಕೆಲವರು. ನಮ್ಮ ಗುಂಪಿನಲ್ಲಿ ಹೂವಿನ ಚಿತ್ರದ ಶುಭೋದಯ ಬಿಟ್ಟರೆ ಬೇರೆ ಸದ್ದಿಲ್ಲ. ಚಿಕ್ಕಪ್ಪನ ಮಗನಿಗೆ ಬಿದ್ದ ಪೆಟ್ಟು ಜೋರೇ. ಹಮೀದಾಕ ಎರಡೂ ಕಾಲಿಗೆ ಚಪ್ಪಲಿ ಹಾಕಿಸತೊಡಗಿದರು. ನನ್ನ ಎರಡು ಮೂರು ಷೇರುಗಳು ಬಾಡಿದವು. ಅದು ನನ್ನ ಬನಿಯನಿಗೆ ಹತ್ತಿದ ಕೆಸರು ಎಂದುಕೊಂಡೆ. ಪ್ರಭಾಕರನ ಹಣ ಬಹುಪಾಲು ಗಾಜು, ನೆಲ, ದೀಪವಾಗಿ ಅಂಗಡಿಯಲ್ಲೇ ಇತ್ತು. ಅಂಗಡಿಯ ಮೇಲೆ ಸಾಲ ಇರಲಿಲ್ಲ. ವನಿತಾಳ ಚಿನ್ನ ವನಿತಾಳ ಕೊರಳಲ್ಲೇ ಇತ್ತು.

ಹೊಸ ಅಂಗಡಿಯ ಪೂಜೆಗೆ ನೆಂಟರೆಲ್ಲ ಬಂದರು. ಪ್ರಭಾಕರ ಬಿಳಿ ಪಂಚೆ ಉಟ್ಟು ನಡುವೆ ನಿಂತು, “ನನಗೆ ಸುಳಿವು ಸಿಕ್ಕಿತ್ತು. ಯಾವಾಗ ತೆಗೀಬೇಕು ಅಂತ ಗೊತ್ತುಂಟು ನನಗೆ. ಯಾರೂ ಹೇಳಿಕೊಟ್ಟದ್ದಲ್ಲ, ನನ್ನದೇ ಲೆಕ್ಕ” ಎಂದು ಎಲ್ಲರಿಗೂ ವಿವರಿಸುತ್ತಿದ್ದ. ನಿಜ ಸಂಗತಿ ನನ್ನ ನಾಲಿಗೆ ತುದಿಗೆ ಬಂದಿತ್ತು. ಪಾಯಸದ ಲೋಟ ಹಂಚುತ್ತಿದ್ದವಳು ಅಲ್ಲೇ ನಿಂತೆ. ಎದುರಿಗೆ ಇವರು ನನ್ನನ್ನೇ ನೋಡುತ್ತಿದ್ದರು. ತಾನೇ ನಿಂತದ್ದು ಅಂತ ಕಾಣ್ಬೇಕು ಎಂದದ್ದು ನೆನಪಾಯಿತು. ನಾಲಿಗೆಯನ್ನು ಒಳಗೆಳೆದುಕೊಂಡು ಮುಂದಿನವರಿಗೆ ಪಾಯಸ ಕೊಟ್ಟೆ. ಮಾತಾಡದೆ ಉಳಿದದ್ದಕ್ಕೆ ನಾನು ಜೀವನದಲ್ಲಿ ಇಷ್ಟು ಹೆಮ್ಮೆ ಪಟ್ಟದ್ದು ಅದೇ ಮೊದಲು.

ಸಂಜೆ ಮನೆಗೆ ಬಂದು ಕೂರುವಾಗ ಗುಂಪಿಗೆ ಚಿತ್ರ ಬಂತು. ಲಾಭದ್ದಲ್ಲ, ಅಂಗಡಿಯದ್ದು. ಝಗಝಗಿಸುವ ದೀಪದ ಕೆಳಗೆ ಪ್ರಭಾಕರ, ಪಕ್ಕದಲ್ಲಿ ವನಿತಾ, ಮಕ್ಕಳು, ಹಮೀದಾಕ, ಹಿಂದೆ ನೆಂಟರ ಸಾಲು. ನನ್ನನ್ನು ಹುಡುಕಿದೆ. ಮುಖ ಎಲ್ಲೂ ಇರಲಿಲ್ಲ. ಸ್ವಲ್ಪ ಬೇಸರವೇ ಆಯಿತು, ಹಸಿರು ರೇಷ್ಮೆ ಸೀರೆ ಉಟ್ಟುಕೊಂಡು ಹೋಗಿದ್ದೆ ನೋಡಿ. ಮೊಬೈಲನ್ನು ಇವರ ಕೈಗೆ ಕೊಟ್ಟು ಒಳಗೆ ಹೋದೆ.

ಇವರು ಕನ್ನಡಕ ಏರಿಸಿಕೊಂಡರು. ಚಿತ್ರವನ್ನು ಬೆರಳಿನಿಂದ ದೊಡ್ಡದು ಮಾಡಿ, ಮೆಲ್ಲಗೆ ಬಲ ಅಂಚಿಗೆ ಸರಿಸಿದರು. ಅಲ್ಲಿ ಪಾಯಸದ ಲೋಟ ಹಿಡಿದ, ಹಸಿರು ಗಾಜಿನ ಬಳೆಗಳ ಒಂದು ಕೈ. ಕೈಗಿಂತ ಹೆಚ್ಚಾಗಿ ಮೊಣಕೈ.

“ಬಂದಿದೆ, ಬಂದಿದೆ!” ಎಂದು ಕೂಗಿದವರು, ನಾನು ಹೊರಗೆ ಬರುವುದರೊಳಗೆ ಮೊಬೈಲು ಹಿಡಿದುಕೊಂಡು ಪಕ್ಕದ ಮನೆಗೆ ಹೊರಟಾಗಿತ್ತು.